ನಾವು ಪಂಚರು ಖುದ್ದಾಗಿ ಕಂಡಿರುತ್ತೇವೆ

ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಹಿಂದೆ ಎರಡು ಖಾಲಿ ಸೈಟುಗಳಿವೆ. ಸಂಜೆ ಐದೂವರೆ ಹೊತ್ತಿಗೆ ಹುಡುಗರು ಬೈಕುಗಳಲ್ಲಿ ಬಂದು ಅಲ್ಲಿ ಕೂರುತ್ತಾರೆ. ಒಣಗಿದ ಬಟ್ಟೆ ತರಲು ಮಹಡಿಗೆ ಹೋದರೆ ಆ ವಾಸನೆ ಮೂಗಿಗೆ ಬಡಿಯುತ್ತದೆ. ಹಸಿ ಸೊಪ್ಪು ಸುಟ್ಟ ಹಾಗೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಮೊದಮೊದಲು ನನ್ನ ಹೆಂಡತಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದಾರೆ ಅಂದುಕೊಂಡಿದ್ದಳು. ಅದು ಗಾಂಜಾ ಎಂದು ನಾನು ಹೇಳಿದ ಮೇಲೆ ಕಿಟಕಿ ಮುಚ್ಚುವುದನ್ನು ಕಲಿತಳು. ಕಳೆದ ವಾರ ಅವರಲ್ಲಿ ಒಬ್ಬ ಅದೇ ಅಮಲಿನಲ್ಲಿ ಬೈಕು ಹತ್ತಿ, ಎರಡು ಸಲ ಕಿಕ್ ತಪ್ಪಿಸಿ, ಮೂರನೇ ಸಲಕ್ಕೆ ಹೊರಟ. ಎದುರಿಗೆ ಗಸ್ತಿನ ಜೀಪು ಬಂತು. ಅವನು ಕೈ ಬೀಸಿದ, ಜೀಪಿನವರೂ ಕೈ ಬೀಸಿದರು. ನೋಡಿ ನನಗೆ ಮೈಯೆಲ್ಲ ಉರಿಯಿತು. ಬೀಡಿಯನ್ನೂ ಸೇದದ ಒಬ್ಬ ಮನುಷ್ಯನ ಹೊಟ್ಟೆಪಾಡನ್ನು ಇದೇ ಸೊಪ್ಪಿನ ಹೆಸರಿನಲ್ಲಿ ಕಿತ್ತುಕೊಂಡ ಒಂದು ಮಳೆಗಾಲ ನನಗೆ ಚೆನ್ನಾಗಿ ನೆನಪಿದೆ. ಕಿತ್ತುಕೊಂಡವರಲ್ಲಿ ನಾನೂ ಒಬ್ಬ.

ಆಗ ಸರಸ್ವತಿಪುರಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಎದುರಿಗೆ ಟ್ಯುಟೋರಿಯಲ್ಲುಗಳು, ಪಕ್ಕದಲ್ಲಿ ಒಂದು ಬೇಕರಿ, ಸ್ವಲ್ಪ ದೂರ ನಡೆದರೆ ಟ್ರಾಫಿಕ್ ಪೊಲೀಸರ ಠಾಣೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಅಲ್ಲಿದ್ದವರೆಲ್ಲ ವರ್ಗವಾಗಿ ಹೋಗಿದ್ದಾರೆ. ಕೋವಿಡ್ ಮುಗಿದು ಶಾಲೆಗಳು ಮೊದಲಿನ ಹಾಗೆ ಬಾಗಿಲು ತೆರೆದ ವರ್ಷ ಅದು. ಜೂನಿನಿಂದಲೇ ಜಿನುಗು ಮಳೆ ಹಿಡಿದಿತ್ತು. ಮೈಸೂರಿನ ಮಳೆ ನೆನೆಸುವುದಕ್ಕಿಂತ ಸತಾಯಿಸುವುದೇ ಹೆಚ್ಚು. ಹಾಳೆಗಳಿಗೆ ತೇವ ಹಿಡಿದು ಗಂಟೆಗೊಂದು ಸಲ ಮೆಷಿನ್ನಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಡ್ಮಿಷನ್ ಕಾಲ ಬೇರೆ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಹಿಡಿದ ಮಕ್ಕಳು ಮತ್ತು ಅವರ ಅಪ್ಪಂದಿರು ಅಂಗಡಿ ಮುಂದೆ ಕೊಡೆ ಹಿಡಿದು ನಿಂತಿರುತ್ತಿದ್ದರು.

ಠಾಣೆಗೂ ನನಗೂ ಒಂದು ಹಳೆಯ ಒಪ್ಪಂದವಿತ್ತು, ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಒಪ್ಪಂದ. ಪೊಲೀಸರು ಒಂದು ಗಾಡಿ ಹಿಡಿದರೂ ಮಹಜರು ಬರೆಯಬೇಕು. ಮಹಜರಿಗೆ ಇಬ್ಬರು ಪಂಚರು ಬೇಕು. ಆ ಜಾಗದಲ್ಲಿ ನಿಂತು, ನಡೆದದ್ದನ್ನು ಕಣ್ಣಾರೆ ನೋಡಿ ಸಹಿ ಹಾಕುವ ಊರಿನ ಇಬ್ಬರು. ಆದರೆ ರಸ್ತೆಯಲ್ಲಿ ಹೋಗುವ ಯಾರೂ ಇದಕ್ಕೆ ನಿಲ್ಲುವುದಿಲ್ಲ. ನಿಂತರೆ ಮುಂದೆ ಕೋರ್ಟಿಗೆ ಅಲೆಯಬೇಕು. ಆದ್ದರಿಂದ ಪ್ರತಿ ಠಾಣೆಗೂ ಹತ್ತಿರದಲ್ಲಿ ಇಬ್ಬರು ಮೂವರು ಕಾಯಂ ಪಂಚರಿರುತ್ತಾರೆ. ನಮ್ಮ ಠಾಣೆಗೆ ನಾನು ಮತ್ತು ಬೇಕರಿಯವನು. ಕಾನ್‌ಸ್ಟೇಬಲ್ ಹಾಳೆ ತರುತ್ತಿದ್ದ, ಮೆಷಿನ್ನಿನ ಮುಚ್ಚಳದ ಮೇಲಿಟ್ಟು ಇಂಟು ಗುರುತು ತೋರಿಸುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ. ಓದುತ್ತಿರಲಿಲ್ಲ. ಅದಕ್ಕೆ ಬದಲಾಗಿ ನನ್ನ ಬೋರ್ಡು ಫುಟ್‌ಪಾತಿನ ಮೇಲೆ ನಿಂತರೂ ಯಾರೂ ಕೇಳುತ್ತಿರಲಿಲ್ಲ, ನನ್ನ ಗಿರಾಕಿಗಳ ಸ್ಕೂಟರನ್ನು ಟೋಯಿಂಗ್ ಗಾಡಿಯವರು ಎತ್ತುತ್ತಿರಲಿಲ್ಲ. ಇದನ್ನು ನಾನು ತಪ್ಪು ಅಂದುಕೊಂಡಿರಲಿಲ್ಲ, ನೆರೆಹೊರೆ ಅಂದುಕೊಂಡಿದ್ದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಆ ಮಹಜರಿನ ಫಾರಂ ಟೈಪಾದದ್ದೇ ನನ್ನ ಅಂಗಡಿಯಲ್ಲಿ. ಠಾಣೆಯಲ್ಲಿ ಬರವಣಿಗೆ ಕೆಲಸವೆಲ್ಲ ರೈಟರ್ ನಂಜುಂಡಯ್ಯನವರದು. ಅವರಿಗೆ ಪ್ರತಿ ಸಲವೂ ಕೈಯಲ್ಲಿ ಬರೆದು ಬೆರಳು ನೋವು ಬಂದಿತ್ತು. ಹಳೆಯ ಕುಡುಕನೊಬ್ಬನ ಮಹಜರನ್ನು ತಂದು, ಹೆಸರು, ಗಾಡಿ ನಂಬರು, ಸಮಯ ಇಷ್ಟನ್ನು ಖಾಲಿ ಬಿಟ್ಟು ಉಳಿದದ್ದನ್ನು ಹಾಗೇ ಟೈಪ್ ಮಾಡಿಕೊಡು ಅಂದರು. ಮಾಡಿಕೊಟ್ಟೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಸದರಿ ಆಸಾಮಿಯ ಕಣ್ಣುಗಳು ಕೆಂಪಾಗಿದ್ದು, ಮಾತು ತೊದಲುತ್ತಿದ್ದು, ನಡಿಗೆಯಲ್ಲಿ ತೂರಾಡುತ್ತಿದ್ದುದನ್ನು ನಾವು ಪಂಚರು ಖುದ್ದಾಗಿ ಕಂಡಿರುತ್ತೇವೆ." ಆಮೇಲೆ ಆ ಠಾಣೆಯ ಸರಹದ್ದಿನಲ್ಲಿ ಸಿಕ್ಕಿಬಿದ್ದವರ ಕಣ್ಣೆಲ್ಲ ಕೆಂಪಾಗಿದ್ದವು, ಎಲ್ಲರೂ ತೂರಾಡಿದರು.

ಆ ಜೂನಿನಲ್ಲಿ ಠಾಣೆಗೆ ಹೊಸ ಕಿಟ್ಟುಗಳು ಬಂದವು. ಟ್ಯುಟೋರಿಯಲ್ ಹುಡುಗರು ಗಾಂಜಾ ಸೇದಿ ಬೈಕು ಓಡಿಸುತ್ತಾರೆ ಎಂದು ಪತ್ರಿಕೆಗಳಲ್ಲಿ ಗಲಾಟೆ ಎದ್ದಿತ್ತು, ಅದು ಸುಳ್ಳೂ ಅಲ್ಲ. ಬಾಯಿಂದ ಊದಿಸುವ ಮೀಟರು ಹೆಂಡವನ್ನು ಹಿಡಿಯುತ್ತದೆ, ಗಾಂಜಾ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಮೂತ್ರದ ಕಿಟ್ಟು. ನಾಲ್ಕು ಹನಿ ಹಾಕಿದರೆ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಎರಡು ಗೆರೆ ಬಂದರೆ ಏನೂ ಇಲ್ಲ, ಒಂದೇ ಗೆರೆ ಬಂದರೆ ಸಿಕ್ಕಿಬಿದ್ದ ಹಾಗೆ. ಬಸಿರಿನ ಪರೀಕ್ಷೆಯಲ್ಲಿ ಇದು ತಿರುವುಮುರುವು ಎಂದು ಕಾನ್‌ಸ್ಟೇಬಲ್ಲುಗಳು ನನ್ನ ಅಂಗಡಿಯಲ್ಲಿ ನಿಂತು ನಗುತ್ತಿದ್ದರು. ನಾನೂ ನಕ್ಕಿದ್ದೆ. ಮೊದಲ ಎರಡು ದಿನ ಬೈಕಿನ ಹುಡುಗರನ್ನೇ ನಿಲ್ಲಿಸಿದರು. ಪ್ರತಿ ಹುಡುಗನಿಗೂ ಒಬ್ಬ ಅಪ್ಪ, ಅಪ್ಪನಿಗೊಬ್ಬ ಪರಿಚಯದ ದೊಡ್ಡವರು, ದೊಡ್ಡವರಿಗೊಂದು ಫೋನು. ಕಿಟ್ಟುಗಳು ಖರ್ಚಾದವು, ಕೇಸುಗಳು ಹುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಶಾಲಾ ವ್ಯಾನುಗಳನ್ನು ನಿಲ್ಲಿಸಿದರು. ವ್ಯಾನಿನ ಡ್ರೈವರುಗಳಿಗೆ ಫೋನು ಮಾಡಲು ಯಾರಿರುತ್ತಾರೆ?

ಚೌರಪ್ಪ ಆ ವ್ಯಾನು ಡ್ರೈವರುಗಳಲ್ಲಿ ಒಬ್ಬ. ಮೂರು ತಲೆಮಾರಿನಿಂದ ಮೈಸೂರಿನಲ್ಲಿರುವ ಕ್ರೈಸ್ತರ ಮನೆಯವನು, ಭಾನುವಾರದ ಪೂಜೆಯಲ್ಲಿ ಮುಂದೆ ನಿಂತು ಜನರನ್ನು ಸಾಲಾಗಿ ಕೂರಿಸುವ ಕೆಲಸ ಅವನದು. ನನ್ನ ಮಗಳು ಸುಮಾಳನ್ನು ಆರು ವರ್ಷ ಶಾಲೆಗೆ ಕರೆದುಕೊಂಡು ಹೋಗಿದ್ದ. ನಾನು ಅವಳನ್ನು ಅಂಗಡಿಯವರೆಗೆ ತಂದುಬಿಡುತ್ತಿದ್ದೆ, ಅಲ್ಲಿಂದ ಅವನು ಹತ್ತಿಸಿಕೊಳ್ಳುತ್ತಿದ್ದ. ವ್ಯಾನಿನವರಿಗೆ ತಂದೆತಾಯಿಯರ ಹೆಸರು ಗೊತ್ತಿರುವುದಿಲ್ಲ, ಮಕ್ಕಳ ಹೆಸರು ಗೊತ್ತಿರುತ್ತದೆ. ಆರು ವರ್ಷವೂ ನಾನು ಅವನಿಗೆ 'ಸುಮಾ ಅಪ್ಪ', ಅವನ ಹೆಂಡತಿ ಫಿಲೋಮಿನಾಗೆ 'ಜೆರಾಕ್ಸ್ ಅಣ್ಣ'. ಕೋವಿಡ್ಡಿನ ಎರಡು ವರ್ಷ ಅವನ ವ್ಯಾನು ಚರ್ಚಿನ ಹಿಂದಿನ ಬೀದಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಅವನು ತರಕಾರಿ ಮಾರಿದ, ಪೇಂಟಿಂಗಿಗೆ ಹೋದ. ಆ ಜೂನಿನಲ್ಲಿ ವ್ಯಾನಿಗೆ ಹೊಸ ಹಳದಿ ಬಣ್ಣ ಹೊಡೆಸಿಕೊಂಡು ಅಂಗಡಿ ಮುಂದೆ ನಿಲ್ಲಿಸಿ, ಕಾಗದಪತ್ರಗಳ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದ. ಇನ್ನು ಉಸಿರಾಡಬಹುದು ಅಂದಿದ್ದ.

ಅವನಿಗೆ ಒಂದು ಕಾಯಿಲೆ ಇತ್ತು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಬೆಳಿಗ್ಗೆ ಎದ್ದರೆ ನಾಲ್ಕೈದು ಸಲ ಹೊಟ್ಟೆ ತಿರುಚಿ ಓಡಬೇಕು. ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಹೊರಟವನು ನಡುದಾರಿಯಲ್ಲಿ ಏನು ಮಾಡಬೇಕು? ಇಂಗ್ಲಿಷ್ ಔಷಧಿಯಲ್ಲಿ ಗುಣ ಕಾಣದೆ ಚಾಮರಾಜಪುರಂನ ಒಬ್ಬ ಆಯುರ್ವೇದದ ಡಾಕ್ಟರ ಹತ್ತಿರ ಹೋಗಿದ್ದ. ಅವರು ಕೊಟ್ಟ ಮಾತ್ರೆಯಲ್ಲಿ ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ, ಇತ್ತು. ಊಟವಾದ ಮೇಲೆ ಒಂದು ಮಾತ್ರೆ ನುಂಗಿ ಮಲಗಿದರೆ ಬೆಳಿಗ್ಗೆ ಹೊಟ್ಟೆ ಸುಮ್ಮನಿರುತ್ತಿತ್ತು. ಚೀಟಿ ಬರೆದು ಕೊಟ್ಟ ಔಷಧಿ, ಅಂಗಡಿಯಲ್ಲಿ ಬಿಲ್ಲು ಹಾಕಿ ಮಾರುವ ಔಷಧಿ. ಡಬ್ಬಿಯ ಮೇಲೆ ಭಂಗಿಯ ಆಯುರ್ವೇದದ ಹೆಸರು 'ವಿಜಯಾ' ಎಂದಷ್ಟೇ ಇತ್ತಂತೆ. ಯಾವುದೋ ಬೇರು ಇರಬೇಕು ಅಂದುಕೊಂಡಿದ್ದ.

ಆ ಬೆಳಿಗ್ಗೆ ಅವನ ವ್ಯಾನನ್ನು ನಿಲ್ಲಿಸಿದರು. ಮೀಟರಿಗೆ ಊದಿದ, ಸೊನ್ನೆ ತೋರಿಸಿತು. ಠಾಣೆಯ ಹಿಂದಿನ ಶೌಚಾಲಯಕ್ಕೆ ಕಳಿಸಿ ಪ್ಲಾಸ್ಟಿಕ್ ಕಪ್ಪು ಕೊಟ್ಟರು. ಪಟ್ಟಿಯಲ್ಲಿ ಒಂದೇ ಗೆರೆ ಬಂತು. ವ್ಯಾನಿನ ಮಕ್ಕಳನ್ನು ಒಬ್ಬ ಕಾನ್‌ಸ್ಟೇಬಲ್ ಶಾಲೆಗೆ ಬಿಟ್ಟುಬಂದ. ಫೋಟೋ ಹೊಡೆಯಲು ಪತ್ರಿಕೆಯವರು ಮೊದಲೇ ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಇದು ನಡೆಯುವಾಗ ನಾನು ಅಂಗಡಿಯಲ್ಲಿ ತೇವ ಹಿಡಿದ ಹಾಳೆಗಳನ್ನು ಬಲ್ಬಿನ ಮುಂದೆ ಹಿಡಿದು ಒಣಗಿಸುತ್ತಿದ್ದೆ. ಹನ್ನೊಂದು ಗಂಟೆಗೆ ಕಾನ್‌ಸ್ಟೇಬಲ್ ಹಾಳೆ ತಂದ. ಅಂಗಡಿ ಮುಂದೆ ಎಂಟು ಹತ್ತು ಜನ ಕಾಯುತ್ತಿದ್ದರು. ಇಂಟು ಗುರುತಿನ ಪಕ್ಕ ಸಹಿ ಹಾಕಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮುಂದಿನವರ ಆಧಾರ್ ಕಾರ್ಡು ತೆಗೆದುಕೊಂಡೆ.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಹಳದಿ ವ್ಯಾನಿನ ಪಕ್ಕ ಚೌರಪ್ಪ, ಎರಡೂ ಕಡೆ ಪೊಲೀಸರು. ಮಕ್ಕಳ ವ್ಯಾನಿಗೆ ಗಾಂಜಾ ಚಾಲಕ ಎಂದು ತಲೆಬರಹ. ಸುಮಾ ಆಗ ಕಾನೂನು ಓದುತ್ತಿದ್ದಳು. ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೂ ಹಾಲಿಗೂ ಓಡಾಡುತ್ತಾ, ಚೌರಪ್ಪ ಅಂಕಲ್ ಕಾಫಿ ಕುಡಿದರೂ ವ್ಯಾನು ಓಡಿಸುವ ಮೊದಲು ಬಾಯಿ ಮುಕ್ಕಳಿಸುತ್ತಿದ್ದ ಮನುಷ್ಯ ಎಂದು ಒಂದೇ ಸಮನೆ ಹೇಳಿದಳು. ನಾನು ದಿನಾಂಕ ನೋಡಿದೆ, ಸಮಯ ನೋಡಿದೆ. ಹಿಂದಿನ ದಿನ ನಾನು ಓದದೆ ಸಹಿ ಹಾಕಿದ ಹಾಳೆ ಅವನದೇ.

ಕಾನೂನು ಏನು ಎಂದು ಸುಮಾಳೇ ಬಿಡಿಸಿ ಹೇಳಿದಳು. ಗಿಡ ಒಂದೇ ಆದರೂ ಹೂವಿನ ತುದಿಗೆ ಒಂದು ಕಾನೂನು, ಬರೀ ಎಲೆಗೆ ಇನ್ನೊಂದು. ಎಲೆ ಔಷಧಿಗೆ ಹೋಗುತ್ತದೆ, ಕೆಲವು ರಾಜ್ಯಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಮಾರಿಸುತ್ತದೆ. ಹೊರದೇಶಗಳಲ್ಲಿ ಕೆಲವು ಕಡೆ ಇಡೀ ಗಿಡವನ್ನೇ ಕಾನೂನುಬದ್ಧ ಮಾಡಿ ಅಂಗಡಿಯಲ್ಲಿಟ್ಟಿದ್ದಾರೆ. ಅಲ್ಲಿನ ಪೊಲೀಸರಿಗೂ ಇದೇ ತಲೆನೋವಂತೆ. ಹೆಂಡಕ್ಕಾದರೆ ಇಷ್ಟು ದಾಟಿದರೆ ತಪ್ಪು ಎಂದು ಒಂದು ಅಳತೆ ಇದೆ, ಇದಕ್ಕೆ ಒಪ್ಪುವಂಥ ಅಳತೆಯೇ ಇಲ್ಲ. ಮೊನ್ನೆ ತಿಂದದ್ದೂ ಇವತ್ತು ಮೂತ್ರದಲ್ಲಿ ತೋರಿಸುತ್ತದೆ, ಆದರೆ ಇವತ್ತು ಅಮಲಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ನಮ್ಮ ಕಾನೂನೂ ಬರೀ ಸೇವಿಸಿದ್ದಕ್ಕೆ ಡ್ರೈವರನನ್ನು ಹಿಡಿಯುವುದಿಲ್ಲ, ಗಾಡಿ ಹತೋಟಿಯಲ್ಲಿಡಲಾಗದಷ್ಟು ಅಮಲಿರಬೇಕು ಎನ್ನುತ್ತದೆ.

"ಅದಕ್ಕೇ ಅಪ್ಪ, ಕಿಟ್ಟು ಒಂದರಿಂದ ಕೇಸ್ ನಿಲ್ಲಲ್ಲ. ಮನುಷ್ಯನ್ನ ನೋಡಿರೋರು ಬೇಕು. ತೂರಾಡ್ತಿದ್ದ ಅಂತ ಕಣ್ಣಾರೆ ಕಂಡೋರು ಯಾರಾದ್ರೂ ಹೇಳ್ಬೇಕು" ಅಂದಳು. ಹಾಗೆ ಕಂಡವನು ಅವಳ ಎದುರಿಗೇ ಕೂತು ಉಪ್ಪಿಟ್ಟು ಕಲಸುತ್ತಿದ್ದ.

ಅವತ್ತು ಮಧ್ಯಾಹ್ನ ಅಂಗಡಿ ಮುಚ್ಚಿ ನಂಜುಂಡಯ್ಯನವರ ಹತ್ತಿರ ಹೋದೆ. ಗೊತ್ತಿರುವ ಮನುಷ್ಯ ಸಾರ್, ನಾನು ನೋಡಿಯೂ ಇಲ್ಲ, ಆ ಹಾಳೆಯಿಂದ ನನ್ನ ಹೆಸರು ತೆಗೆಯಿರಿ ಎಂದು ಕೇಳಿಕೊಂಡೆ. ಅವರು ಕೆಟ್ಟವರಲ್ಲ. ಕೂರಿಸಿ ಟೀ ತರಿಸಿದರು. ಆಮೇಲೆ ತಣ್ಣಗೆ ಅಂದರು: "ಆಗ್ಲೇ ಕೋರ್ಟ್‌ಗೆ ಹೋಯ್ತು ಕಣಯ್ಯ ಸಿದ್ರಾಜು. ಈಗ ನೀನು ನೋಡೇ ಇಲ್ಲ ಅಂದ್ರೆ, ಅಂಗಾರೆ ಇಷ್ಟು ವರ್ಷ ಹಾಕಿರೋ ಸಹಿಗಳ ಕತೆ ಏನು ಅಂತ ಕೇಳ್ತಾರೆ. ನನ್ ಕೆಲ್ಸ ಹೋಗ್ತದೆ, ನೀನು ಒಳಗೆ ಹೋಗ್ತೀಯ. ಅವ್ನಿಗೇನು, ಫೈನ್ ಕಟ್ಬುಟ್ಟು ಮನೆಗೆ ಹೋಗ್ತಾನೆ. ಸುಮ್ಕಿರು." ಟೀ ಕುಡಿದು ಎದ್ದು ಬಂದೆ. ನನಗೆ ಬೇಕಾಗಿದ್ದ ಮಾತನ್ನೇ ಅವರು ಹೇಳಿದ್ದರು ಎಂದು ಈಗ ಅನ್ನಿಸುತ್ತದೆ.

ಮನೆಗೆ ಹೋಗುತ್ತಾನೆ ಅಂದದ್ದು ನಿಜವಾಯಿತು, ಮನೆಯಲ್ಲೇ ಉಳಿದ. ಸಾಯಂಕಾಲವೇ ಅವನನ್ನು ಬಿಟ್ಟಿದ್ದರು, ಆದರೆ ಲೈಸೆನ್ಸು ಅವರ ಹತ್ತಿರ, ವ್ಯಾನು ಠಾಣೆಯ ಮುಂದೆ. ಶಾಲೆಯವರು ಒಂದೇ ಸಾಲಿನ ಸಂದೇಶ ಕಳಿಸಿ ಕೈತೊಳೆದುಕೊಂಡರು. ಮಕ್ಕಳ ತಂದೆತಾಯಿಯರು ವಾಟ್ಸಾಪ್ ಗುಂಪಿನಲ್ಲಿ ಏನೇನು ಬರೆದರೋ, ಫಿಲೋಮಿನಾ ಅದನ್ನು ಓದಿ ಗಂಡನಿಗೆ ತೋರಿಸದೆ ಅಳಿಸಿದಳಂತೆ. ಭಾನುವಾರ ಅವನು ಚರ್ಚಿಗೆ ಹೋಗುತ್ತಿದ್ದ. ಪಾದ್ರಿಗಳು ಏನೂ ಅನ್ನಲಿಲ್ಲ. ಆದರೆ ಅವನು ಮುಂದೆ ನಿಂತು ಜನರನ್ನು ಕೂರಿಸುವುದನ್ನು ಬಿಟ್ಟು, ಹಿಂಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ನಿಂತು ಪೂಜೆ ಮುಗಿಯುವ ಮೊದಲೇ ಹೊರಡುತ್ತಿದ್ದನಂತೆ. ಮಳೆಗೆ ಠಾಣೆಯ ಮುಂದೆ ನಿಂತಿದ್ದ ವ್ಯಾನಿನ ಹೊಸ ಬಣ್ಣ ತಳದಿಂದ ಏಳತೊಡಗಿತು. ನಾನು ಅಂಗಡಿಗೆ ಹೋಗುವ ದಾರಿ ಬದಲಾಯಿಸಿದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಫಿಲೋಮಿನಾ ಅಂಗಡಿಗೆ ಬಂದಳು. ಸೆರಗಿನೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದಗಳು. ಲಾಯರಿಗೆ ಕೊಡಲು ಎರಡೆರಡು ಪ್ರತಿ ಬೇಕು ಅಂದಳು. ಮೊದಲನೆಯದು ಡಾಕ್ಟರ ಚೀಟಿ. ಈ ಚೀಟಿ ಕೋರ್ಟಿಗೆ ಕೊಟ್ಟರೆ ತಿಂದದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ, ಕೊಡದಿದ್ದರೆ ಗಾಂಜಾ ಸೇದಿದ ಎಂದೇ ಆಗುತ್ತದೆ, ಯಾವುದು ವಾಸಿ ಎಂದು ಲಾಯರು ಯೋಚಿಸುತ್ತಿದ್ದಾರೆ ಅಂದಳು. ಎರಡನೆಯದು ಮಹಜರು. ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದೆ. ಬಿಸಿಬಿಸಿ ಪ್ರತಿ ಹೊರಗೆ ಬಂತು, ಕೆಳಗಡೆ ನನ್ನ ಸಹಿ. ಇನ್ನೊಂದು ಬಂತು, ಅದರಲ್ಲೂ ನನ್ನ ಸಹಿ. ನನ್ನ ಮನೆಯ ವಿಳಾಸವಿತ್ತು, ಅಂಗಡಿಯ ಹೆಸರಿರಲಿಲ್ಲ.

ಅವಳು ಪ್ರತಿಯನ್ನು ಎತ್ತಿಕೊಂಡು ಬೆರಳಿಟ್ಟು ತೋರಿಸಿದಳು.

"ಇಲ್ನೋಡಿ ಅಣ್ಣ, ಸಿದ್ದರಾಜು ಅಂತೆ. ಬೇಕರಿಯೋನು ಕೇರಳಕ್ಕೆ ಹೋಗ್ಬುಟ್ನಂತೆ, ಇನ್ನಿರೋ ಸಾಕ್ಷಿ ಇವ್ರೊಬ್ರೇ. ನೀವು ಇಲ್ಲೇ ಇರೋರಲ್ವಾ, ಗೊತ್ತಾ ಇವ್ರು? ಕಾಲಿಗೆ ಬಿದ್ದಾದ್ರೂ ಒಂದ್ಮಾತು ಕೇಳ್ಬೇಕು. ನಮ್ಮೋರು ತೂರಾಡಿದ್ದನ್ನ ಅವ್ರು ಎಲ್ಲಿ ನಿಂತ್ಕೊಂಡು ನೋಡಿದ್ರು ಅಂತ."

"ಗೊತ್ತಿಲ್ಲ ಕಣಮ್ಮ" ಅಂದೆ.

ದುಡ್ಡು ಬೇಡ ಅಂದೆ. ದೇವರು ನಿಮ್ಮನ್ನು ಚೆನ್ನಾಗಿಡಲಿ ಎಂದು ಹೇಳಿ, ಕವರನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡು ಮಳೆಯಲ್ಲೇ ಹೋದಳು. ನಾನು ಮೆಷಿನ್ನು ಆಫ್ ಮಾಡಿ ಸ್ಟೂಲಿನ ಮೇಲೆ ಕೂತೆ. ಗಿರಾಕಿಗಳಿಗೆ ಕರೆಂಟಿಲ್ಲ ಎಂದು ಹೇಳಿ ಕಳಿಸಿದೆ. ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಂಡತಿ ಅತ್ತಳು. ಸುಮಾ, ಕೋರ್ಟಿನಲ್ಲಿ ನಿಜ ಹೇಳ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಅಂದೆ. ನಂಜುಂಡಯ್ಯ ಹೆದರಿಸಿದ್ದನ್ನೂ ಹೇಳಿದೆ. ಒಳಗೆ ಹಾಕಿದರೆ ನಾನೇ ಬಿಡಿಸಿಕೊಂಡು ಬರ್ತೀನಿ ಅಂದಳು. ಆ ಮಾತಿಗೆ ಮೂವರೂ ಸ್ವಲ್ಪ ನಕ್ಕೆವು. ನಾಳೆಯೇ ಹೋಗಿ ಚೌರಪ್ಪನಿಗೆ ಹೇಳಿಬಿಡು ಎಂದೂ ಅವಳು ಹೇಳಿದ್ದಳು. ಅದನ್ನು ನಾನು ನಾಳೆ, ನಾಳಿದ್ದು ಎಂದು ದೂಡಿದೆ.

ದಸರಾ ಬಂದೋಬಸ್ತಿನಲ್ಲಿ ಪೊಲೀಸರೆಲ್ಲ ಮುಳುಗಿಹೋಗಿ ಕೇಸು ಎರಡು ಸಲ ಮುಂದಕ್ಕೆ ಹೋಯಿತು. ಹಬ್ಬ ಕಳೆದ ಮೇಲೆ ನನಗೆ ಸಮನ್ಸು ಬಂತು. ಕೋರ್ಟಿನ ಜಗುಲಿಯಲ್ಲಿ ಕಂಬದ ಹಿಂದೆ ನಿಂತಿದ್ದೆ. ಒಳಗೆ ಬೆಂಚಿನ ಮೇಲೆ ಚೌರಪ್ಪ ಮತ್ತು ಫಿಲೋಮಿನಾ ಕೂತಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡಿದ್ದ, ಕುತ್ತಿಗೆಯ ಹತ್ತಿರ ಶರಟು ಸಡಿಲವಾಗಿತ್ತು. ಅವನು ಮೊದಲ ದಿನವೇ ತಪ್ಪು ಮಾಡಿಲ್ಲ ಎಂದು ಹೇಳಿದ್ದ. ಅದರ ಮೇಲೆಯೇ ಅವತ್ತು ಸಾಕ್ಷಿಯ ವಿಚಾರಣೆ. ಜವಾನ ಬಾಗಿಲಿಗೆ ಬಂದು ಸಿದ್ದರಾಜು ಎಂದು ಮೂರು ಸಲ ಕೂಗಿದ. ಮೂರನೆಯದಕ್ಕೆ ಒಳಗೆ ಹೋದೆ.

ಫಿಲೋಮಿನಾ ನನ್ನನ್ನು ನೋಡಿ ಮೊದಲು ನಕ್ಕಳು. ಜೆರಾಕ್ಸ್ ಅಣ್ಣ ತಮಗಾಗಿ ಬಂದಿದ್ದಾನೆ ಅಂದುಕೊಂಡಿರಬೇಕು. ನಾನು ಕಟಕಟೆಯ ಕಡೆ ತಿರುಗಿದಾಗ ಆ ನಗು ಹೋಯಿತು. ಕೈಯಲ್ಲಿದ್ದ ಕವರನ್ನು ತೊಡೆಯ ಮೇಲಿಟ್ಟು ನೋಡುತ್ತಾ ಕೂತಳು. ಚೌರಪ್ಪ ನನ್ನ ಮುಖ ನೋಡಿದ, ಆಮೇಲೆ ಲಾಯರ ಕಿವಿಯಲ್ಲಿ ಏನೋ ಹೇಳಿದ. ಲಾಯರು ಬೇಡ ಎನ್ನುವಂತೆ ತಲೆಯಾಡಿಸಿದರು, ಅವನು ಮತ್ತೆ ಹೇಳಿದ. ನಾನು ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ಅವನು ಎದ್ದು ನಿಂತು, ತಪ್ಪೊಪ್ಪಿಕೊಳ್ಳುತ್ತೇನೆ ಸ್ವಾಮಿ ಎಂದು ನ್ಯಾಯಾಧೀಶರಿಗೆ ಹೇಳಿದ. ಯಾರ ಒತ್ತಾಯವೂ ಇಲ್ಲವೇ ಎಂದು ಅವರು ಕೇಳಿದರು. ಇಲ್ಲ ಅಂದ. ದಂಡ ಹಾಕಿದರು, ಲೈಸೆನ್ಸು ಅಮಾನತು ಮಾಡಿದರು. ಸಾಕ್ಷಿ ಬೇಕಾಗಿಲ್ಲ, ಹೋಗಬಹುದು ಎಂದು ನನಗೆ ಹೇಳಿದರು.

ಹೊರಗೆ ಮೆಟ್ಟಿಲ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ. ಯಾಕೆ ಹೀಗೆ ಮಾಡಿದೆ ಚೌರಪ್ಪ, ನಾನು ನಿಜ ಹೇಳಬೇಕು ಎಂದೇ ಬಂದಿದ್ದೆ ಅಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು.

"ಇರ್ಬೋದು ಸುಮಾ ಅಪ್ಪ. ಆದ್ರೆ ನೀವು ಅಲ್ಲಿ ಹತ್ತಿ ನಾನು ತೂರಾಡಿದ್ದನ್ನ ಕಂಡೆ ಅಂದಿದ್ರೆ, ಅದನ್ನ ಇವ್ಳ ಪಕ್ಕ ಕೂತ್ಕೊಂಡು ಕೇಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ" ಅಂದ.

ಇಬ್ಬರೂ ಆಟೋ ಹತ್ತಿ ಹೋದರು.

ಅಮಾನತು ಮುಗಿದ ಮೇಲೆ ಲೈಸೆನ್ಸು ವಾಪಸ್ಸು ಬಂತಂತೆ, ಆದರೆ ಮಕ್ಕಳನ್ನು ಅವನ ವ್ಯಾನಿಗೆ ಹತ್ತಿಸುವವರು ಯಾರೂ ಇರಲಿಲ್ಲ. ವ್ಯಾನು ಮಾರಿದ. ಈಗ ಹೂಟಗಳ್ಳಿ ಕಡೆ ಒಂದು ಗೋದಾಮಿನಲ್ಲಿ ಗೇಟು ಕಾಯುತ್ತಾನೆ ಎಂದು ಕೇಳಿದ್ದೇನೆ. ಆ ಮಾತ್ರೆ ಬಿಟ್ಟಿದ್ದಾನೆ, ಹೊಟ್ಟೆನೋವು ಮತ್ತೆ ಬಂದಿದೆ. ನಾನು ಮತ್ತೆ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದು ಹೇಳಿದ ದಿನ ನಂಜುಂಡಯ್ಯ ಬೇಸರವನ್ನೂ ಪಡಲಿಲ್ಲ. ಬೇಕರಿಯ ಜಾಗಕ್ಕೆ ಬಂದಿದ್ದ ಮೊಬೈಲ್ ಅಂಗಡಿಯವನು ಹಾಕಿದ. ಒಂದು ತಿಂಗಳಿಗೆ ನನ್ನ ಬೋರ್ಡನ್ನು ಕಿತ್ತು ಲಾರಿಗೆ ಹಾಕಿಕೊಂಡು ಹೋದರು. ಆಮೇಲೆ ನಾನೂ ಅಂಗಡಿ ಮುಚ್ಚಿದೆ.

ಸುಮಾ ಈಗ ಲಾಯರು. ಅವಳ ಗೆಳೆಯರು ಮನೆಗೆ ಬಂದಾಗ ಈ ಕತೆ ಎತ್ತುತ್ತಾಳೆ. ಆ ದಿನ ಅಪ್ಪ ಕಟಕಟೆ ಹತ್ತಿದ್ದರೆ ಪೊಲೀಸರ ಬಣ್ಣ ಬಯಲಾಗುತ್ತಿತ್ತು, ಚೌರಪ್ಪ ಅಂಕಲ್ ಆತುರಪಟ್ಟು ಕೆಡಿಸಿಕೊಂಡರು ಎಂದು ಹೇಳುತ್ತಾಳೆ. ಅವರೆಲ್ಲ ನನ್ನ ಕಡೆ ಗೌರವದಿಂದ ನೋಡುತ್ತಾರೆ. ನಾನು ಹೌದು ಎನ್ನುವಂತೆ ತಲೆಯಾಡಿಸುತ್ತೇನೆ. ಕೋರ್ಟಿಗೆ ಹೋಗುವ ಹಿಂದಿನ ದಿನ ನಂಜುಂಡಯ್ಯ ಅಂಗಡಿಗೆ ಬಂದು, ಕಟಕಟೆಯಲ್ಲಿ ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋಗಿದ್ದರು. ಅದನ್ನು ನಾನು ಹರಿದುಹಾಕಲಿಲ್ಲ. ಬೆಳಿಗ್ಗೆ ಶ್ರೀರಾಂಪುರದಿಂದ ಹೊರಟ ಸಿಟಿ ಬಸ್ಸಿನಲ್ಲಿ ಕೂತು, ಕಣ್ಣುಗಳು ಕೆಂಪಾಗಿದ್ದವು ಎಂಬಲ್ಲಿಂದ ಕೊನೆಯ ಸಾಲಿನವರೆಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ತುಟಿ ಅಲ್ಲಾಡುತ್ತಿದ್ದದ್ದನ್ನು ನೋಡಿ ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ದೇವರ ಸ್ತೋತ್ರ ಹೇಳ್ಕೋತಿದ್ದೀರಾ ಎಂದು ಕೇಳಿತು. ಹೌದಮ್ಮ ಅಂದೆ.